ಉಕ್ಕಿನ ಟೋಪಿಗೆ ಬೆಲೆ ಬರುವುದೆಲ್ಲಿಂದ?

ಅಂಚೆಚೀಟಿ, ಹಳೆಯ ನಾಣ್ಯ ಕೂಡಿಡುವವರನ್ನು ನಾವೆಲ್ಲ ಬಲ್ಲೆವು. ಯುದ್ಧದಲ್ಲಿ ಸೈನಿಕರು ತೊಟ್ಟ ಉಕ್ಕಿನ ಶಿರಸ್ತ್ರಾಣಗಳನ್ನು ಸಂಗ್ರಹಿಸುವವರೂ ಇದ್ದಾರೆ. ಯೂರೋಪ್ ಮತ್ತು ಅಮೆರಿಕದಲ್ಲಿ ಈ ಹವ್ಯಾಸ ದೊಡ್ಡ ವ್ಯಾಪಾರವಾಗಿಯೇ ಬೆಳೆದಿದೆ. ಅಲ್ಲಿ ಬಹಳ ಬೇಡಿಕೆಯಿರುವ ವಸ್ತುಗಳಲ್ಲೊಂದು ಎರಡನೇ ಮಹಾಯುದ್ಧದ ಜರ್ಮನ್ ಪ್ಯಾರಾಚೂಟ್ ಪಡೆಯ ಶಿರಸ್ತ್ರಾಣ.

ಅದರಲ್ಲಿ ಅಂಥ ವಿಶೇಷವೇನು? ಸಾಮಾನ್ಯ ಜರ್ಮನ್ ಸೈನಿಕನ ಶಿರಸ್ತ್ರಾಣಕ್ಕೆ ಕಿವಿ, ಕುತ್ತಿಗೆಗಳ ಮೇಲೆ ಇಳಿಯುವ ಅಂಚು ಇತ್ತು. ವಿಮಾನದಿಂದ ಹಾರುವಾಗ ಪ್ಯಾರಾಚೂಟಿನ ಹಗ್ಗ ಆ ಅಂಚಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಆದ್ದರಿಂದ 1938ರ ಮಾದರಿಯಲ್ಲಿ ಅಂಚನ್ನು ತೆಗೆದು, ಒಳಗೆ ದಪ್ಪ ಮೆತ್ತೆ ಇಟ್ಟು, ಗದ್ದಕ್ಕೆ ಭದ್ರವಾದ ಪಟ್ಟಿ ಅಳವಡಿಸಿದರು. ಸಾಮಾನ್ಯ ಶಿರಸ್ತ್ರಾಣಗಳು ಲಕ್ಷಗಟ್ಟಲೆ ತಯಾರಾದವು. ಪ್ಯಾರಾಚೂಟ್ ಪಡೆ ಚಿಕ್ಕದು, ಅದರ ಶಿರಸ್ತ್ರಾಣಗಳೂ ಕಡಿಮೆ.

ಅಪರೂಪದ ವಸ್ತುವಿನ ಬೆನ್ನಿಗೇ ನಕಲಿಯೂ ಬರುತ್ತದೆ. ಸಾಮಾನ್ಯ ಶಿರಸ್ತ್ರಾಣದ ಅಂಚು ಕತ್ತರಿಸಿ, ಬಣ್ಣ ಬಳಿದು, ಹಳತಾದಂತೆ ಕಾಣಿಸಿ ಮಾರುವವರಿದ್ದಾರೆ. ಹೀಗಾಗಿ ಬಲ್ಲವರು ಒಳಗಿನ ಕಾರ್ಖಾನೆ ಗುರುತು, ಬೋಲ್ಟು, ಚರ್ಮದ ಸವೆತ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಇದು ಯಾರ ತಲೆಯ ಮೇಲಿತ್ತು, ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ದಾಖಲೆ ಇದ್ದರೆ ಬೆಲೆ ಏರುತ್ತದೆ.

ಆ ದಾಖಲೆ ಹೇಳುವ ಕಥೆ ಯಾವಾಗಲೂ ಶೌರ್ಯದ್ದೇ ಆಗಿರುವುದಿಲ್ಲ. 1941ರ ಮೇ 20ರಂದು ಈ ಪಡೆ ಗ್ರೀಸ್ ದೇಶದ ಕ್ರೀಟ್ ದ್ವೀಪದ ಮೇಲೆ ಇಳಿಯಿತು. ಸಾವಿರಾರು ಸೈನಿಕರು ಸತ್ತರೂ ದ್ವೀಪ ಅದರ ವಶವಾಯಿತು. ಜೂನ್ 2ರಂದು ಇದೇ ಪಡೆಯವರು ಕೊಂಡೊಮಾರಿ ಎಂಬ ಹಳ್ಳಿಯ ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಅಂದಚಂದವನ್ನಷ್ಟೇ ನೋಡಿ ಕೊಳ್ಳುವವನಿಗೆ ಶಿರಸ್ತ್ರಾಣ ಇದನ್ನು ಹೇಳುವುದಿಲ್ಲ.

ಈ ಪಡೆಗೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. 1944ರ ಫೆಬ್ರುವರಿ ಮತ್ತು ಮಾರ್ಚ್ ತಿಂಗಳಲ್ಲಿ ಇಟಲಿಯ ಕ್ಯಾಸಿನೊ ಬೆಟ್ಟದಲ್ಲಿ ಜರ್ಮನ್ ಪ್ಯಾರಾಚೂಟ್ ಪಡೆಯ ಎದುರು ನಿಂತದ್ದು 4ನೇ ಭಾರತೀಯ ಡಿವಿಷನ್. ಹಲಸೂರು ಕೆರೆಯ ಬಳಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಕಂಪನಿಗಳೂ ಅದರಲ್ಲಿದ್ದವು. ದಾರಿ ಮಾಡುವುದು, ಸೇತುವೆ ಕಟ್ಟುವುದು, ನೆಲಬಾಂಬ್ ತೆಗೆಯುವುದು ಸ್ಯಾಪರ್‌ಗಳ ಕೆಲಸ. ಫೆಬ್ರುವರಿ 24ರಂದು ಕ್ಯಾಸಿನೊಗೆ ಸಮೀಪದ ಮಿನ್ಯಾನೊದಲ್ಲಿ ಸುಬೇದಾರ್ ಸುಬ್ರಮಣ್ಯಂ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಗಾರರನ್ನು ಉಳಿಸಿದರು. ಅವರಿಗೆ ಮರಣೋತ್ತರ ಜಾರ್ಜ್ ಕ್ರಾಸ್ ಸಂದಿತು. ಈ ಸಂಗತಿ ನಮಗೆ ತಿಳಿದಿರುವುದು ಅದನ್ನು ಯಾರೋ ಬರೆದಿಟ್ಟಿದ್ದರಿಂದ.

ಬರೆದಿಟ್ಟರೆ ಸಾಲದು, ಅದು ಎಲ್ಲಿಯದು ಎಂಬುದೂ ತಿಳಿದಿರಬೇಕು. ಕಿಗ್ಗದ ಆಳುಪರ ಕಾಲದ ಶಾಸನಗಳನ್ನೇ ನೋಡಿ. ಅವು ಯಾವ ಊರಿನವು ಎಂಬುದು ಗೊತ್ತಿರುವುದರಿಂದಲೇ ಅವುಗಳಲ್ಲಿನ ದತ್ತಿಯ ಮಾತಿಗೆ ಅರ್ಥ ಬರುತ್ತದೆ. ಮಲೆನಾಡಿನ ವೀರಗಲ್ಲೂ ಅಷ್ಟೇ. ಊರಿನ ಗಡಿಯಲ್ಲಿ ನಿಂತಾಗ ಅದು ಇತಿಹಾಸ. ಕಿತ್ತು ತಂದು ಯಾರದೋ ಅಂಗಳದಲ್ಲಿ ನೆಟ್ಟರೆ ಅಲಂಕಾರದ ಕಲ್ಲು.

ನಮ್ಮ ಸೈನಿಕರು ತೊಟ್ಟ, ಬ್ರಿಟಿಷ್ ಮಾದರಿಯ ತಟ್ಟೆಯಂಥ ಶಿರಸ್ತ್ರಾಣಗಳಿಗೆ ಹರಾಜಿನಲ್ಲಿ ಅಂಥ ಬೆಲೆಯಿಲ್ಲ. ಕಾನೂನಿನ ರಕ್ಷಣೆಯೂ ಇಲ್ಲ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಇಂಥ ವಸ್ತು ಪ್ರಾಚ್ಯವಸ್ತು ಎನಿಸಲು ನೂರು ವರ್ಷ ತುಂಬಿರಬೇಕು. ಅಂದರೆ 1944ರಲ್ಲಿ ತಯಾರಾದದ್ದಕ್ಕೆ 2044ರವರೆಗೆ ಕಾಯಬೇಕು. ಅಷ್ಟರಲ್ಲಿ ಎಷ್ಟೋ ಮನೆಗಳ ಅಟ್ಟದ ಟ್ರಂಕುಗಳು ಗುಜರಿ ಸೇರಿರುತ್ತವೆ.

ಅಜ್ಜ ಸೈನ್ಯದಲ್ಲಿದ್ದ ಮನೆಯವರು ಒಂದು ಕೆಲಸ ಮಾಡಬಹುದು. ಟ್ರಂಕಿನಲ್ಲಿರುವ ಪದಕ, ಬೆಲ್ಟು, ಬಿಡುಗಡೆ ಪತ್ರ, ಕಾಗದಗಳನ್ನು ಬೇರೆ ಮಾಡದೆ ಒಟ್ಟಿಗೆ ಇಡಿ. ಅಜ್ಜ ಯಾವ ಕಂಪನಿಯಲ್ಲಿದ್ದರು, ಯಾವ ವರ್ಷ ಯಾವ ದೇಶಕ್ಕೆ ಹೋಗಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದು ಅದೇ ಟ್ರಂಕಿನಲ್ಲಿಡಿ. ಆ ಹಾಳೆ ಇಲ್ಲದಿದ್ದರೆ ಉಳಿದದ್ದೆಲ್ಲ ತೂಕದ ಕಬ್ಬಿಣ.