ಮಗನ ಅಸೆಸ್‌ಮೆಂಟ್: ಎರಡು ಶನಿವಾರಗಳಲ್ಲಿ ನಾವು ಕಲಿತದ್ದು

ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮಗನ ಶಾಲೆಯಿಂದ ಕರೆ ಬಂತು. ಅವನಿಗಾಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. "ಬಾಯಲ್ಲಿ ಕೇಳಿದರೆ ಎಲ್ಲ ಹೇಳ್ತಾನೆ, ಬರೆಯೋಕೆ ಕೂತರೆ ಸೋಮಾರಿ" ಎಂದರು ಟೀಚರ್. ಮನೆಯಲ್ಲಿ ನಾನು ಹೇಳುತ್ತಿದ್ದುದೂ ಅದನ್ನೇ. ತಪ್ಪಾದ ಪದವನ್ನು ಇಪ್ಪತ್ತು ಸಲ ಬರೆಸುತ್ತಿದ್ದೆ. ಆ ಇಪ್ಪತ್ತರಲ್ಲೇ ಸ್ಪೆಲಿಂಗ್ ಮೂರು ಥರ ಆಗಿರುತ್ತಿತ್ತು. ಆಗಲೂ ನನಗೆ ಅನುಮಾನ ಬರಲಿಲ್ಲ, ಸಿಟ್ಟು ಬರುತ್ತಿತ್ತು.

ನಾವಿರುವುದು ಚೆನ್ನೈನ ಮಣಲಿಯಲ್ಲಿ. ಹೆಂಡತಿಗೆ ಇಲ್ಲಿನ ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿ ಕೆಲಸ, ನನ್ನದು ಸಾಫ್ಟ್‌ವೇರ್. ಮನೆಯಲ್ಲಿ ಹಾಸನದ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ ಹಿಂದಿ. "ನಾಲ್ಕು ಭಾಷೆ ತುಂಬಿದರೆ ಮಗು ಏನು ಮಾಡುತ್ತೆ? ಕನ್ನಡ ಬಿಟ್ಟು ಮನೆಯಲ್ಲೂ ಇಂಗ್ಲಿಷ್ ಮಾತಾಡಿ" ಎಂದು ಸಲಹೆ ಕೊಟ್ಟವರು ಬಹಳ ಜನ. ಭಾಷೆಯ ಗೊಂದಲವೋ, ಕಲಿಕೆಯ ತೊಂದರೆಯೋ ಎಂದು ಊಹಿಸುವ ಬದಲು ಅಸೆಸ್‌ಮೆಂಟ್ ಮಾಡಿಸಿ ಎಂದವರು ಮಕ್ಕಳ ಡಾಕ್ಟರು ಮಾತ್ರ. ಊರಿನಿಂದ ದೂರ ಇರುವ ನಮ್ಮಂಥವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋಗುವ ಮೊದಲು

ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿ. ಬೋರ್ಡು ಕಾಣದ ಮಗುವೂ ತಪ್ಪಾಗಿಯೇ ಬರೆಯುತ್ತದೆ. ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. ಮಗುವಿನ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಹೋಗಿ, ಆದರೆ ನೀವು ಪಕ್ಕದಲ್ಲಿ ಕೂತು ನೀಟಾಗಿ ಬರೆಸಿದ್ದನ್ನಲ್ಲ.

ಮನೆಯವರಿಗೆ ಹೇಳುವುದೂ ಒಂದು ಕೆಲಸ. "ಸೈಕಾಲಜಿಸ್ಟ್" ಎಂದಿದ್ದೇ ತಡ, ಊರಲ್ಲಿದ್ದ ಅಮ್ಮ ಫೋನಿನಲ್ಲಿ ಅಳುವುದಕ್ಕೆ ಶುರುಮಾಡಿದರು. ಮಗನಿಗೆ ನಾನು ಹೇಳಿದ್ದು ಇಷ್ಟೇ: "ನಿನಗೆ ಯಾವುದು ಸುಲಭ, ಯಾವುದು ಕಷ್ಟ ಅಂತ ಆಂಟಿ ನೋಡ್ತಾರೆ. ಇದರಲ್ಲಿ ಪಾಸು, ಫೇಲು ಇಲ್ಲ."

ಮೊದಲ ಶನಿವಾರ

ತಿರುವೊಟ್ರಿಯೂರಿನಲ್ಲಿ ಮೆಟ್ರೋ ಹತ್ತಿ ಹೋದೆವು. ಮೊದಲ ಒಂದು ಗಂಟೆ ಪ್ರಶ್ನೆಗಳೆಲ್ಲ ನಮಗೇ. ಹೆರಿಗೆ ಹೇಗಾಯಿತು, ಯಾವಾಗ ಮಾತು ಬಂತು, ಯಾರ ಜೊತೆ ಯಾವ ಭಾಷೆ, ನಿದ್ದೆ, ಸ್ನೇಹಿತರು. ಕೊನೆಗೆ, "ಮನೆತನದಲ್ಲಿ ಓದಲು ಕಷ್ಟಪಟ್ಟವರು ಯಾರಾದರೂ ಇದ್ದಾರಾ?"

ಇಲ್ಲ ಎನ್ನಲು ಬಾಯಿ ತೆರೆದವನಿಗೆ ಅಣ್ಣ ನೆನಪಾದ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ ಅಪ್ಪನ ಕೈಯಲ್ಲಿ ಏಟು ತಿಂದವನು. ಈಗ ಊರಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಬಿಚ್ಚಿ ಜೋಡಿಸಲಾಗದ ಪಂಪ್‌ಸೆಟ್ ಇಲ್ಲ. ಇಂಥ ತೊಂದರೆ ವಂಶದಲ್ಲಿ ಬರುವುದುಂಟು ಎಂದರು ಅವರು.

ಆಮೇಲೆ ಮಗನೊಬ್ಬನೇ ಒಳಗೆ. ಅಂದು ನಡೆದದ್ದು ಮಾಲಿನ್ ಅವರು ಭಾರತೀಯ ಮಕ್ಕಳಿಗೆ ಹೊಂದಿಸಿದ ಬುದ್ಧಿಮಟ್ಟದ ಪರೀಕ್ಷೆ. ಅರ್ಧ ಭಾಗ ಮಾತಿನದು, ಅರ್ಧ ಕೈಕೆಲಸದ್ದು: ಅಂಕಿಗಳನ್ನು ನೆನಪಿಟ್ಟು ಹೇಳುವುದು, ಬಣ್ಣದ ಬ್ಲಾಕ್ ಜೋಡಿಸುವುದು, ಚಿತ್ರದಲ್ಲಿ ಬಿಟ್ಟುಹೋದದ್ದನ್ನು ಗುರುತಿಸುವುದು. ಹೊರಗೆ ಬಂದವನು ಕೇಳಿದ್ದು, "ಅಪ್ಪ, ಇಲ್ಲಿಗೆ ಮತ್ತೆ ಬರಬಹುದಾ?"

ಎರಡನೇ ಶನಿವಾರ

ಈ ಸಲ ಓದು, ಸ್ಪೆಲಿಂಗ್, ಅರ್ಥಗ್ರಹಿಕೆ, ಲೆಕ್ಕ, ಆಕೃತಿ ನೋಡಿ ಬಿಡಿಸುವುದು, ನೆನಪು. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಗುಚ್ಛ ಇದು. ಸುಸ್ತಾದಾಗ ನಡುವೆ ಬಿಡುವು ಕೊಟ್ಟರು. ಹಾಗಿದ್ದೂ ಆವತ್ತು ಅವನ ಮುಖ ಬಾಡಿತ್ತು. ಅವನ ಕಷ್ಟದ ಜಾಗಕ್ಕೇ ಕೈ ಹಾಕುವ ದಿನ ಅದು. ಸಂಜೆ ಅವನನ್ನು ಬೀಚಿಗೆ ಕರೆದುಕೊಂಡು ಹೋದೆವು, ಪರೀಕ್ಷೆಯ ಮಾತೆತ್ತಲಿಲ್ಲ.

ವರದಿಯಲ್ಲಿ ಏನಿತ್ತು

ಹತ್ತು ದಿನಕ್ಕೆ ವರದಿ ಬಂತು. ಬುದ್ಧಿಮಟ್ಟ ಸರಾಸರಿಗಿಂತ ತುಸು ಮೇಲೆ. ಓದು ಮತ್ತು ಸ್ಪೆಲಿಂಗ್ ಎರಡನೇ ಕ್ಲಾಸಿನ ಮಟ್ಟದ್ದು. ಡಿಸ್ಲೆಕ್ಸಿಯಾ.

ಭಾಷೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ತಮಿಳಿನಲ್ಲಿ 'ಪ', 'ಬ' ಎರಡಕ್ಕೂ ಒಂದೇ ಅಕ್ಷರ, 'ಕ', 'ಗ' ಎರಡಕ್ಕೂ ಒಂದೇ. ಅದರಿಂದ ಬಂದಿರಬಹುದಾದ ತಪ್ಪುಗಳನ್ನು ಅವರು ಬೇರೆ ಗುರುತು ಹಾಕಿದ್ದರು. ಅವನ್ನು ತೆಗೆದರೂ ಉಳಿದ ತಪ್ಪುಗಳು ಬೇಕಾದಷ್ಟಿದ್ದವು. ತಮಿಳು ಓದುವಾಗಲೂ ಅದೇ ನಿಧಾನ, ಅದೇ ತಡವರಿಕೆ. ಹೆಚ್ಚು ಭಾಷೆ ಕೇಳಿ ಬೆಳೆಯುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಮನೆಯಲ್ಲಿ ಕನ್ನಡ ಬಿಡಬೇಡಿ ಎಂದರು. ನನ್ನ ಹೆಂಡತಿ ಆವತ್ತು ಅತ್ತಿದ್ದು ಈ ಮಾತಿಗೆ. ಹಾಗಾಗಿ ನೀವು ಹೋದಾಗ ಮನೆಮಾತು ಯಾವುದು ಎಂಬುದನ್ನು ಮರೆಯದೆ ಹೇಳಿ. ಮಗು ಕನ್ನಡ ಓದುವುದಾದರೆ, ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ 'ಡಾಲಿ' ಪರೀಕ್ಷೆ ಕನ್ನಡದಲ್ಲೂ ಇದೆ.

ಮುಂದೇನು

ಖಾಸಗಿ ವರದಿಯೇ ಸರ್ಟಿಫಿಕೇಟ್ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ನ್ಯೂನತೆಯೂ ಸೇರಿದೆ. ಸರ್ಟಿಫಿಕೇಟ್ ಕೊಡುವುದು ಸರ್ಕಾರ ಗೊತ್ತುಪಡಿಸಿದ ಆಸ್ಪತ್ರೆ. ಅದಿದ್ದರೆ ಸಿಬಿಎಸ್‌ಇ ಬೋರ್ಡ್ ಪರೀಕ್ಷೆಯಲ್ಲಿ ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ ಹೆಚ್ಚು ಸಿಗುತ್ತದೆ, ಬರೆದುಕೊಡುವವರ ನೆರವೂ ಸಿಗುತ್ತದೆ. ಆದರೆ ನಿಜವಾದ ಕೆಲಸ ವಿಶೇಷ ಶಿಕ್ಷಕರದು. ವಾರಕ್ಕೆ ಮೂರು ದಿನ, ಧ್ವನಿ ಬಿಡಿಸಿ, ಬೆರಳಿನಿಂದ ತಿದ್ದಿ, ನಿಧಾನವಾಗಿ. ಎಂಟು ತಿಂಗಳಾಯಿತು. ಮಗ ಈಗಲೂ ನಿಧಾನವೇ, ಆದರೆ ಪುಸ್ತಕ ಕಂಡರೆ ಎದ್ದು ಹೋಗುವುದಿಲ್ಲ. ಇಪ್ಪತ್ತು ಸಲ ಬರೆಸುವುದನ್ನು ನಾನು ನಿಲ್ಲಿಸಿದ್ದೇನೆ.

ವರದಿ ಬಂದ ರಾತ್ರಿ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಇದಕ್ಕೊಂದು ಹೆಸರಿದೆ ಅಂತ ಆಗ ಯಾರಿಗೆ ಗೊತ್ತಿತ್ತು, ಬಿಡೋ" ಎಂದ. ಆಮೇಲೆ, "ರಜಕ್ಕೆ ಅವನನ್ನ ಇಲ್ಲಿಗೆ ಕಳಿಸು. ಅವನ ಹತ್ರ ನಾನು ಮಾತಾಡ್ತೀನಿ" ಎಂದ.