ಒಂದೇ ಪತ್ರ, ಆರು ಡ್ರಾಫ್ಟ್: ಯಾವುದು ಸರಿಯಾದದ್ದು?



ಈಗ ಅನೇಕ ಒಕ್ಕೂಟಗಳ ಕಚೇರಿಯಲ್ಲಿ ಕಂಪ್ಯೂಟರ್ ಇದೆ. ಬ್ಯಾಂಕಿಗೆ, ಪಂಚಾಯಿತಿಗೆ ಹೋಗುವ ಪತ್ರಗಳು ಇ-ಮೇಲ್‌ನಲ್ಲೇ ಹೋಗುತ್ತವೆ. ಆದರೆ ಒಂದೇ ಪತ್ರ ಟೈಪ್ ಮಾಡಿದರೂ 'ಡ್ರಾಫ್ಟ್ಸ್' ತೆರೆದರೆ ಅದೇ ಪತ್ರ ಆರೇಳು ಸಲ ಕಾಣಿಸುತ್ತದೆ. ವೈರಸ್ ಬಂತೇನೋ ಅಂತ ಕೆಲವರು ಗಾಬರಿಯಾಗುತ್ತಾರೆ. ವೈರಸ್ ಅಲ್ಲ. ಹಾಗಂತ ಸುಮ್ಮನೆ ಬಿಡುವ ವಿಷಯವೂ ಅಲ್ಲ.

ಯಾಕೆ ಅಂತ ಹೇಳುತ್ತೇವೆ. ಸಭೆಯಲ್ಲಿ ಮೊದಲು ಮೂರು ಲಕ್ಷ ಸಾಲ ಕೇಳೋಣ ಅಂತ ಮಾತಾಗಿ, ಕೊನೆಗೆ ಎರಡೂವರೆ ಲಕ್ಷಕ್ಕೆ ಠರಾವು ಆಯಿತು ಅಂತ ಇಟ್ಟುಕೊಳ್ಳಿ. ಹಳೆಯ ಡ್ರಾಫ್ಟ್‌ನಲ್ಲಿ ಮೂರು ಲಕ್ಷ ಹಾಗೇ ಉಳಿದಿರುತ್ತದೆ. ಅವಸರದಲ್ಲಿ ಅದನ್ನೇ ಕಳುಹಿಸಿದರೆ ಬ್ಯಾಂಕಿನವರ ಕೈಯಲ್ಲಿರುವ ಪತ್ರಕ್ಕೂ ನಮ್ಮ ನಡಾವಳಿ ಪುಸ್ತಕಕ್ಕೂ ತಾಳೆಯಾಗುವುದಿಲ್ಲ. ಉತ್ತರ ಹೇಳಬೇಕಾದವರು ಸಹಿ ಹಾಕಿದ ಪ್ರತಿನಿಧಿಗಳು, ಕಂಪ್ಯೂಟರ್ ಅಲ್ಲ. ಜೊತೆಗೆ ಆ ಡ್ರಾಫ್ಟ್‌ಗಳಲ್ಲಿ ಸದಸ್ಯೆಯರ ಆಧಾರ್ ನಂಬರ್, ಖಾತೆ ನಂಬರ್ ಇರಬಹುದು. ಹತ್ತು ಜನ ಮುಟ್ಟುವ ಕಂಪ್ಯೂಟರಿನಲ್ಲಿ ಅವು ಬಿದ್ದಿರುವುದು ಒಳ್ಳೆಯದಲ್ಲ.

ಇದು ಹೇಗಾಗುತ್ತದೆ ಅಂದ್ರೆ, ಥಂಡರ್‌ಬರ್ಡ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಜಿಮೇಲ್ ಖಾತೆ ಹಾಕಿಕೊಂಡವರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕರೆಂಟ್ ಹೋದರೂ ಬರೆದದ್ದು ಹಾಳಾಗಬಾರದು ಅಂತ ಥಂಡರ್‌ಬರ್ಡ್ 5 ನಿಮಿಷಕ್ಕೊಮ್ಮೆ ತಾನೇ ಪತ್ರವನ್ನು ಉಳಿಸುತ್ತದೆ. ಉಳಿಸುವುದು ನಮ್ಮ ಕಂಪ್ಯೂಟರಿನಲ್ಲಲ್ಲ, ದೂರದಲ್ಲಿರುವ ಜಿಮೇಲ್‌ನ ಸರ್ವರ್‌ನಲ್ಲಿ. ಅಲ್ಲಿ ಒಮ್ಮೆ ಸೇರಿದ ಪತ್ರವನ್ನು ಅಳಿಸಿ ತಿದ್ದಲು ಬರುವುದಿಲ್ಲ. ನಡಾವಳಿ ಪುಸ್ತಕದಲ್ಲಿ ರಬ್ಬರ್ ಹಾಕಬಾರದು ಅಂತ ನಾವು ಹೇಳುತ್ತೇವಲ್ಲ, ಹಾಗೆಯೇ. ಹೊಸ ಪ್ರತಿ ಬರೆದು ಹಳೆಯದನ್ನು ಹೊಡೆದುಹಾಕಬೇಕು. ನೆಟ್ ಮಧ್ಯದಲ್ಲಿ ಕೈಕೊಟ್ಟರೆ ಹೊಸದು ಸೇರಿರುತ್ತದೆ, ಹಳೆಯದು ಹೋಗಿರುವುದಿಲ್ಲ.

ಜಿಮೇಲ್‌ಗೆ ಇನ್ನೊಂದು ಅಭ್ಯಾಸ ಇದೆ. ಅದು ಪತ್ರಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿ ಇಡುವುದಿಲ್ಲ, ಒಂದೇ ರಾಶಿಯಲ್ಲಿಟ್ಟು ಮೇಲೆ ಚೀಟಿ ಅಂಟಿಸುತ್ತದೆ. ಬೇರೆ ಪ್ರೋಗ್ರಾಂನಿಂದ ಅಳಿಸಿದಾಗ ಕೆಲವು ಸಲ ಚೀಟಿ ಮಾತ್ರ ಕಿತ್ತುಹೋಗಿ, ಪತ್ರ 'ಆಲ್ ಮೇಲ್' ಎಂಬ ರಾಶಿಯಲ್ಲಿ ಉಳಿದುಬಿಡುತ್ತದೆ. ಹಾಗಂತ ಆಲ್ ಮೇಲ್ ತೆರೆದು ಎಲ್ಲವನ್ನೂ ಅಳಿಸಲು ಹೋಗಬೇಡಿ! ಅಲ್ಲಿರುವುದು ನಕಲು ಅಲ್ಲ, ಬಂದ ಪತ್ರ, ಕಳುಹಿಸಿದ ಪತ್ರ ಎಲ್ಲವೂ ಅವೇ.

ನಮ್ಮ ಕೈಯಿಂದ ಆಗುವ ಕಾರಣಗಳೂ ಇವೆ. ಅದೇ ಡ್ರಾಫ್ಟನ್ನು ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಒಟ್ಟಿಗೆ ತೆರೆದಿಡುವುದು ಒಂದು. ಥಂಡರ್‌ಬರ್ಡ್‌ನಲ್ಲಿ ಡ್ರಾಫ್ಟ್ ಮುಂದುವರಿಸಲು 'ಎಡಿಟ್' ಒತ್ತುವ ಬದಲು 'ಎಡಿಟ್ ಆಸ್ ನ್ಯೂ ಮೆಸೇಜ್' ಒತ್ತುವುದು ಇನ್ನೊಂದು. ಹಾಗೆ ಒತ್ತಿದರೆ ಹಳೆಯದು ಅಲ್ಲೇ ಇದ್ದು, ಹೊಸದೊಂದು ಹುಟ್ಟುತ್ತದೆ.

ಪರಿಹಾರ ಕಷ್ಟವಲ್ಲ. ಥಂಡರ್‌ಬರ್ಡ್‌ನ 'ಅಕೌಂಟ್ ಸೆಟ್ಟಿಂಗ್ಸ್'ನಲ್ಲಿ 'ಕಾಪೀಸ್ ಅಂಡ್ ಫೋಲ್ಡರ್ಸ್' ಅಂತ ಇದೆ. ಅಲ್ಲಿ ಡ್ರಾಫ್ಟ್‌ಗಳನ್ನು ಇಡುವ ಜಾಗವನ್ನು 'ಲೋಕಲ್ ಫೋಲ್ಡರ್ಸ್'ಗೆ ಬದಲಾಯಿಸಿ. ಆಗ ಕರಡು ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ನೆಟ್ಟಿನ ತಂಟೆ ಇಲ್ಲ. ಒಂದು ತೊಂದರೆ ಇದೆ, ಆ ಕರಡು ಮೊಬೈಲಿನಲ್ಲಿ ಸಿಗುವುದಿಲ್ಲ. ಒಕ್ಕೂಟದ ಪತ್ರ ಒಕ್ಕೂಟದಲ್ಲೇ ಬರೆದರೆ ಸಾಕು ಅನ್ನುವುದು ನಮ್ಮ ಅಭಿಪ್ರಾಯ. ಐದು ನಿಮಿಷಕ್ಕೊಮ್ಮೆ ಉಳಿಸುವುದನ್ನು 'ಸೆಟ್ಟಿಂಗ್ಸ್'ನ 'ಕಂಪೋಸಿಶನ್' ಭಾಗದಲ್ಲಿ ಪೂರ್ತಿ ನಿಲ್ಲಿಸಲೂಬಹುದು, ಆದರೆ ಪದೇ ಪದೇ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಅದನ್ನು ನಿಲ್ಲಿಸಿ ಅಂತ ನಾವು ಹೇಳುವುದಿಲ್ಲ.

ಈಗಾಗಲೇ ಸೇರಿರುವ ಕಸವನ್ನು ತೆಗೆಯಲು ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಡ್ರಾಫ್ಟ್ಸ್‌ಗೆ ಹೋಗಿ. ಒಂದೊಂದನ್ನೂ ತೆರೆದು, ನಡಾವಳಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಮೊತ್ತ, ದಿನಾಂಕ, ಹೆಸರು ನೋಡಿ. ಬೇಡದ್ದನ್ನು ಗುರುತು ಮಾಡಿ 'ಡಿಸ್ಕಾರ್ಡ್ ಡ್ರಾಫ್ಟ್ಸ್' ಒತ್ತಿ. ಸಾಮಾನ್ಯ ಪತ್ರ ಅಳಿಸಿದರೆ 30 ದಿನ 'ಟ್ರ್ಯಾಶ್'ನಲ್ಲಿ ಇರುತ್ತದೆ, ಆದರೆ ಹೀಗೆ ಎಸೆದ ಡ್ರಾಫ್ಟ್ ಅಲ್ಲಿಗೆ ಹೋಗುವುದಿಲ್ಲ. ಆದ್ದರಿಂದ ಇಬ್ಬರು ಕೂತು ಮಾಡಿದರೆ ಒಳ್ಳೆಯದು.

ಇನ್ನೊಂದು ಮಾತು ಕಂಪ್ಯೂಟರ್ ಬಾರದ ಪ್ರತಿನಿಧಿಗಳಿಗೆ. ಡ್ರಾಫ್ಟ್ಸ್‌ನಲ್ಲಿ ಪತ್ರ ಕಂಡರೆ ಅದು ಹೋಗಿಲ್ಲ ಅಂತಲೇ ಅರ್ಥವಲ್ಲ, ಕಳುಹಿಸಿದ ಮೇಲೂ ಹಳೆಯ ಕರಡು ಉಳಿದಿರಬಹುದು. ಹೋಗಿಲ್ಲ ಅಂದುಕೊಂಡು ಇನ್ನೊಂದು ಸಲ ಕಳುಹಿಸಿದರೆ ಬ್ಯಾಂಕಿಗೆ ಎರಡು ಅರ್ಜಿ ತಲುಪುತ್ತವೆ. ನಮ್ಮ ಕಡೆಯಿಂದ ಏನು ಹೋಗಿದೆ ಅಂತ ತಿಳಿಯುವುದು 'ಸೆಂಟ್' ಎಂಬ ಜಾಗದಲ್ಲಿ. ಟೈಪ್ ಮಾಡುವ ಹುಡುಗಿ "ಕಳಿಸಿದೀನಿ ಅಕ್ಕ" ಅಂದರೆ, "ಸೆಂಟ್ ತೆಗೆದು ತೋರಿಸು, ಮೊತ್ತ ಓದಿ ಹೇಳು" ಅಂತ ಕೇಳಿ. ಉಳಿತಾಯದ ಪಾಸ್‌ಬುಕ್ ಕೇಳಿ ನೋಡುವುದಕ್ಕೆ ನೀವು ಎಂದಾದರೂ ಸಂಕೋಚಪಟ್ಟಿದ್ದೀರಾ? ಇದೂ ಅಷ್ಟೇ.

ಸೆಟ್ಟಿಂಗ್ ಬದಲಾಯಿಸಿದ ದಿನವೇ ಒಂದು ಪರೀಕ್ಷೆ ಮಾಡಿ. ಎರಡು ಸಾಲಿನ ಪತ್ರ ಬರೆದು ತೆರೆದಿಡಿ, ಹದಿನೈದು ನಿಮಿಷದಲ್ಲಿ ಎರಡು ಮೂರು ಸಲ ಏನಾದರೂ ತಿದ್ದಿ. ಆಮೇಲೆ ಲೋಕಲ್ ಫೋಲ್ಡರ್ಸ್‌ನ ಡ್ರಾಫ್ಟ್ಸ್ ನೋಡಿ. ಒಂದೇ ಪ್ರತಿ ಇದ್ದರೆ ಕೆಲಸ ಆಯಿತು.