ಫೋಟೊ ನೋಡಿ ‘ಓಕೆ’ ಅನ್ನೋ ಮುನ್ನ...

ವಿದೇಶದಿಂದ ಏಜೆಂಟರು ತರಿಸೋ ಶೂ, ಬಟ್ಟೆ: ಪರೀಕ್ಷೆ ಗೋದಾಮಿನಲ್ಲೇ ಆಗಬೇಕು

ಬೇರಿಕೆ: ಮಾಲೂರಿಂದ ಬರೋ ಬಸ್ಸಾಗಲಿ, ಬಾಗಲೂರು ಮೇಲೆ ಹೊಸೂರಿಗೆ ಹೋಗೋ ಬಸ್ಸಾಗಲಿ, ಹತ್ತಿದಾಗ ಒಮ್ಮೆ ಹುಡುಗರ ಕಾಲು ನೋಡಿ. ದೊಡ್ಡ ಕಂಪನಿ ಹೆಸರಿನ ಶೂಗಳಿಗೆ ಬರವಿಲ್ಲ. ಆದರೆ ಎಲ್ಲವೂ ಅಂಗಡಿಯಿಂದ ಬಂದವಲ್ಲ. ಕೆಲವು ಚೀನಾದ ಯಾವುದೋ ಗೋದಾಮಿನಿಂದ ಹೊರಟು, ವಾಟ್ಸ್‌ಆ್ಯಪ್ ಗುಂಪಿನ ಏಜೆಂಟರ ಕೈ ದಾಟಿ ಇಲ್ಲಿಗೆ ಬಂದವು.

ನಮ್ಮ ಮನೆಯಲ್ಲೇ ಒಂದು ಜೊತೆ ಹಾಗೆ ಬಂತು. ತಮ್ಮ ಹೊಸೂರಿನ ಕಾರ್ಖಾನೆಗೆ ಸೇರಿದ ಹೊಸತು. ಮೊದಲ ಸಂಬಳದಲ್ಲಿ 3,200 ರೂಪಾಯಿ ಏಜೆಂಟನಿಗೆ ಮುಂಗಡ ಹಾಕಿದ. ಏಜೆಂಟ ನಾಲ್ಕು ಫೋಟೊ ಕಳಿಸಿದ, ಇವನು ‘ಓಕೆ’ ಅಂದ. ಒಂದು ತಿಂಗಳಿಗೆ ಪಾರ್ಸೆಲ್ ಬಂತು. ಡಬ್ಬಿ ಮೇಲೆ 42 ಅಂತಿದ್ದರೂ ಹೆಬ್ಬೆರಳು ಒತ್ತುತ್ತಿತ್ತು. ಮೂರನೇ ವಾರ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಮಳೆಗೆ ಸಿಕ್ಕಾಗ ಅಡಿ ಬೆಲ್ಲದ ಹಾಗೆ ಉದುರಿತು. ಫೋನ್ ಮಾಡಿದರೆ ಏಜೆಂಟನದು ಒಂದೇ ಮಾತು: “ಫೋಟೊ ನೋಡಿ ಓಕೆ ಅಂದಿದ್ದು ನೀವೇ ಅಲ್ವಾ?”

“ಬರ್ಗೂರಿಗೆ ಹೋದ್ರೆ ಎರಡು ಮೀಟರ್ ಬಟ್ಟೇನೂ ಮುಟ್ಟಿ, ಎಳೆದು ತಗೋತೀವಿ. ಇದನ್ನ ಮುಟ್ಟಿ ನೋಡ್ದೋರು ಯಾರೋ?” ಅಂದಳು ಆಯಿ. ತಮ್ಮನ ಹತ್ತಿರ ಉತ್ತರ ಇರಲಿಲ್ಲ.

ಏಳು ದಿನದ ಲೆಕ್ಕ

2020ರ ಜೂನ್ 29ರಂದು ಕೇಂದ್ರ ಸರಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಬಟ್ಟೆ ಮಾರುವ ಶೀಇನ್, ಕ್ಲಬ್ ಫ್ಯಾಕ್ಟರಿ ಅದರಲ್ಲಿದ್ದವು. ಅದೇ ವರ್ಷ ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ಕೂಡ ಹೋಯಿತು. ನೇರವಾಗಿ ತರಿಸೋ ದಾರಿ ಕಿರಿದಾದ ಮೇಲೆ ಏಜೆಂಟನ ಮೊರೆ ಹೋಗೋದು ಸಹಜ.

ಏಜೆಂಟ ಟಾವೊಬಾವೊದಂಥ ಅಲ್ಲಿನ ಮಾರುಕಟ್ಟೆಯಲ್ಲಿ ಮಾಲು ಕೊಂಡು ಮೊದಲು ಗೋದಾಮಿಗೆ ತರಿಸ್ತಾನೆ. ಅಲ್ಲೇ ಫೋಟೊ ತೆಗೆದು ನಮಗೆ ಕಳಿಸ್ತಾನೆ. ಆನ್‌ಲೈನ್‌ನಲ್ಲಿ ಕೊಂಡ ಹೆಚ್ಚಿನ ಮಾಲನ್ನು ಕೈಗೆ ಬಂದ 7 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡುವ ಹಕ್ಕನ್ನು ಚೀನಾದ ಕಾನೂನು 2014ರಿಂದ ಕೊಟ್ಟಿದೆ. ಇಲ್ಲಿ ಕೈಗೆ ಬರೋದು ಅಂದ್ರೆ ಆ ಗೋದಾಮಿಗೆ. ನಮ್ಮ ಮನೆಗೆ ಪಾರ್ಸೆಲ್ ಬರೋ ಹೊತ್ತಿಗೆ ಆ ಏಳು ದಿನ ಯಾವಾಗಲೋ ಮುಗಿದಿರುತ್ತೆ. ವಾಪಸ್ ಕಳಿಸೋ ಖರ್ಚೂ ಶೂ ಬೆಲೆಯನ್ನೇ ಮೀರಬಹುದು. ಅದಕ್ಕೇ ‘ಓಕೆ’ ಅನ್ನೋದು ಬರೀ ಮಾತಲ್ಲ, ರುಜು ಹಾಕಿದ ಹಾಗೆ.

ಶೂ ಆದರೆ ಏನು ಕೇಳಬೇಕು?

ಮೊದಲು ನಿಮ್ಮ ಪಾದ ಅಳೆಯಿರಿ. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತೆ, ಆಗಲೇ ಅಳೆಯೋದು ಸರಿ. ಕಾಗದದ ಮೇಲೆ ನಿಂತು ಹಿಮ್ಮಡಿಯಿಂದ ಉದ್ದನೆ ಬೆರಳಿನ ತುದಿವರೆಗೆ ಗುರುತು ಹಾಕಿ. ಚೀನಾದ ಅಳತೆ ಇರೋದೇ ಪಾದದ ಉದ್ದದ ಮೇಲೆ, ಮಿಲಿಮೀಟರಿನಲ್ಲಿ. ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರಿಗೆ ಸುಮಾರು 8.5 ಮಿ.ಮೀ., ಯುರೋಪಿನದರಲ್ಲಿ 6.7 ಮಿ.ಮೀ. ವ್ಯತ್ಯಾಸ. ಒಂದರಿಂದ ಇನ್ನೊಂದಕ್ಕೆ ಬದಲಿಸೋವಾಗ ಅರ್ಧ ನಂಬರು ಆಚೀಚೆ ಆಗೋದು ಹೀಗೆ.

ಆದ್ದರಿಂದ ಡಬ್ಬಿಯ ನಂಬರು ನಂಬಬೇಡಿ. ಶೂ ಒಳಗಿನ ಮೆತ್ತೆ ಹೊರಗೆ ತೆಗೆದು, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಫೋಟೊ ಕಳಿಸು ಅನ್ನಿ. ಅದು ಪಾದಕ್ಕಿಂತ ಸುಮಾರು ಒಂದು ಸೆಂ.ಮೀ. ಉದ್ದ ಇರಲಿ. ತಮ್ಮನ ಪಾದ 25.8 ಸೆಂ.ಮೀ. ಆಮೇಲೆ ಅಳೆದರೆ ಮೆತ್ತೆ ಇದ್ದದ್ದು 25.5!

ಎರಡನೆಯದು ಅಡಿ. ಪಾಲಿಯುರೆಥೇನ್ ಅಡಿ ಮೆತ್ತಗೆ, ಹಗುರ. ಆದರೆ ಗಾಳಿಯ ತೇವ ಹೀರಿ, ಡಬ್ಬಿಯಲ್ಲೇ ಇದ್ದರೂ ಕೆಲವು ವರ್ಷಕ್ಕೆ ಒಳಗೊಳಗೇ ಸಡಿಲ ಆಗುತ್ತೆ. ಹಳೇ ಸ್ಟಾಕ್ ಫೋಟೊದಲ್ಲಿ ಹೊಸದರ ಹಾಗೇ ಕಾಣುತ್ತೆ, ಹಾಕಿ ನಡೆದಾಗಲೇ ಪುಡಿ ಆಗೋದು. ಶೂ ನಾಲಿಗೆಯ ಒಳಗಿನ ಲೇಬಲ್ ಫೋಟೊ ಕೇಳಿ, ತಯಾರಿಸಿದ ತಾರೀಖು ಇದ್ದರೆ ಅಲ್ಲೇ ಇರುತ್ತೆ.

ಮೂರನೆಯದು, ಬಗ್ಗಿಸೋ ವಿಡಿಯೊ. ಶೂ ಬೆರಳಿನ ಬುಡದ ಹತ್ತಿರ ಬಗ್ಗಬೇಕು, ನಡುವೆ ಅಲ್ಲ. ಬಗ್ಗಿಸಿದಾಗ ಅಂಟು ಬಿಟ್ಟಿದ್ದರೆ ಬಿರುಕು ಕಾಣುತ್ತೆ. ಎರಡನ್ನೂ ಸಮನಾದ ಮೇಜಿನ ಮೇಲಿಟ್ಟು ಹಿಂದಿನಿಂದ ಒಂದು ಫೋಟೊ ತೆಗೆಸಿ. ಹಿಮ್ಮಡಿ ವಾಲಿದ್ದರೆ ಗೊತ್ತಾಗಿಬಿಡುತ್ತೆ. ದಿನಕ್ಕೆ ಎಂಟು ಗಂಟೆ ಕಾಂಕ್ರೀಟ್ ಮೇಲೆ ನಿಲ್ಲೋ ಕೆಲಸದವರಿಗೆ ಇದು ಅಂದದ ಮಾತಲ್ಲ, ಮಂಡಿ ಸೊಂಟದ ಮಾತು.

ಬಟ್ಟೆಗೆ ತಕ್ಕಡಿ, ಬೆಳಕು

ಎಸ್, ಎಂ, ಎಲ್ ಅಕ್ಷರ ಕಂಪನಿಗೊಂದು ಥರ. ಮನೆಯಲ್ಲಿ ಸರಿಯಾಗಿ ಕೂರೋ ಅಂಗಿ ಹಾಸಿ, ಕಂಕುಳಿಂದ ಕಂಕುಳಿಗೆ ಎಷ್ಟು, ಉದ್ದ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಗೋದಾಮಿನಲ್ಲೂ ಹಾಗೇ ಹಾಸಿ, ಟೇಪ್ ಇಟ್ಟು ಫೋಟೊ ತೆಗೆಯಲಿ.

ಜಾಹೀರಾತಿನಲ್ಲಿ ಜಿಎಸ್‌ಎಂ ಅಂತಿರುತ್ತೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ ಅದು. ಮಾಮೂಲಿ ಟಿ-ಶರ್ಟ್ 150ರಿಂದ 200ರ ಒಳಗಿರುತ್ತೆ. ಅಂಗಿಯ ಒಳಗೆ ಕೈ ಇಟ್ಟು, ಬೆಳಕಿಗೆ ಹಿಡಿದು ಫೋಟೊ ತೆಗೆಸಿ. ಬೆರಳು ಎಣಿಸೋ ಹಾಗಿದ್ದರೆ ಬಟ್ಟೆ ತೆಳು. ಒಳಮೈ ತಿರುಗಿಸಿ ಹೊಲಿಗೆಯನ್ನೂ ತೋರಿಸಲಿ.

ಮನೆಗೆ ಬಂದ ಮೇಲೆ ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ, ಬಣ್ಣ ಬಿಡುತ್ತಾ ನೋಡಿ. ಅಂಚಿನ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು ಸುಡಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ.

‘ಗಿಫ್ಟ್’ ಅಂದ್ರೆ ಎಚ್ಚರ

‘ಗಿಫ್ಟ್ ಅಂತ ಬರೆಸಿ ಕಳಿಸ್ತೀವಿ, ಸುಂಕ ಇರಲ್ಲ’ ಅನ್ನೋ ಏಜೆಂಟರನ್ನು ದೂರ ಇಡಿ. ಅಂಚೆ, ಕೊರಿಯರ್‌ನಲ್ಲಿ ಗಿಫ್ಟ್ ಹೆಸರಲ್ಲಿ ಮಾಲು ತರಿಸೋದನ್ನು ಸರಕಾರ 2019ರ ಡಿಸೆಂಬರ್‌ನಲ್ಲಿ ನಿಷೇಧಿಸಿತು. ರಾಖಿ, ಜೀವರಕ್ಷಕ ಔಷಧಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. ಹೆಸರಾಂತ ಕಂಪನಿಯ ನಕಲಿ ಮಾಲನ್ನು ತಡೆಹಿಡಿಯೋ ಅಧಿಕಾರವೂ 2007ರ ನಿಯಮದಂತೆ ಕಸ್ಟಮ್ಸ್‌ಗೆ ಇದೆ. ಆಗ ಶೂನೂ ಇಲ್ಲ, ದುಡ್ಡೂ ಇಲ್ಲ.

ಚೀನಾದ ಅಂಗಡಿಯವನನ್ನು ಇಲ್ಲಿಂದ ಹಿಡಿಯೋದು ಆಗದ ಮಾತು. ಆದರೆ ನಮ್ಮ ದೇಶದಲ್ಲೇ ಇರೋ ಏಜೆಂಟ ಸಿಗ್ತಾನೆ. ಹೆಸರು, ವಿಳಾಸ ಇರೋ ಬಿಲ್ ಪಡೆಯಿರಿ, ಯುಪಿಐ ರಸೀದಿ ಇಟ್ಟುಕೊಳ್ಳಿ, ಪಾರ್ಸೆಲ್ ಒಡೆಯೋದನ್ನು ವಿಡಿಯೊ ಮಾಡಿ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಕಾಯ್ದೆಯಂತೆ, ಕೊಂಡವರು ತಾವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೇರಿಕೆಯವರಿಗೆ ಕೃಷ್ಣಗಿರಿ, ಗಡಿ ಆಚೆ ಮಾಲೂರಿನವರಿಗೆ ಕೋಲಾರ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ. ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ತಮ್ಮ ಏಜೆಂಟರ ಸಹವಾಸ ಬಿಟ್ಟಿಲ್ಲ. ಆದರೆ ಪಾದದ ಗುರುತು ಹಾಕಿದ ಕಾಗದ ಈಗ ಅವನ ಪರ್ಸಿನಲ್ಲಿದೆ. ಹೋದ ತಿಂಗಳು ಬೇರೊಬ್ಬ ಏಜೆಂಟನ ಹತ್ತಿರ ಮೆತ್ತೆ ಅಳತೆಯ ಫೋಟೊ ಕೇಳಿದ. ಆತ ಗೊಣಗಿಕೊಂಡೇ ಕಳಿಸಿದ. ಅಳತೆ ಕಡಿಮೆ ಇತ್ತು. ಜೊತೆ ಗೋದಾಮಿನಿಂದಲೇ ವಾಪಸ್ ಹೋಯಿತು, ದುಡ್ಡೂ ತಿರುಗಿ ಬಂತು. “ಈ ಸಲ ಮುಟ್ಟಿ ನೋಡ್ದಂಗಾಯ್ತು” ಅಂದಳು ಆಯಿ.